ಪಾರೂಬಾಯಿ ದೀಪ ಆರಿಸಿದ ರಾತ್ರಿ

ಜನವರಿ 19, ಬೆಳಿಗ್ಗೆ

ಇದನ್ನು ಬರೆಯದೆ ಬಿಡೋಣವೆಂದೇ ಇದ್ದೆ. ನಿನ್ನೆ ರಾತ್ರಿ ಟೆಲಿಸ್ಕೋಪಿನ ಮಾಸ್ಕ್ ತೆಗೆಯಲು ಮರೆತೆ.

ಫೋಕಸ್ ಸರಿಮಾಡಲು ಟೆಲಿಸ್ಕೋಪಿನ ಬಾಯಿಗೆ ಹಾಕುವ ಸೀಳುಸೀಳು ಮುಚ್ಚಳ ಅದು; ಫೋಕಸ್ ಕೂತ ಮೇಲೆ ತೆಗೆದಿಡಬೇಕು. ಹೊಸಬರಿಗೆ ನಾನೇ ಹೇಳಿಕೊಡುವ ಪಾಠ. ಚಳಿಯೆಂದು ಒಳಗೆ ಬಂದು ಕೂತೆ... ಇಡೀ ರಾತ್ರಿಯ ಚಿತ್ರಗಳಲ್ಲಿ ಪ್ರತಿ ನಕ್ಷತ್ರಕ್ಕೂ ಆರಾರು ಮುಳ್ಳು. ಅವುಗಳ ಹಿಂದೆ ಮಂಕು ಕೆಂಪು ಬಣ್ಣ, ಅಷ್ಟೇ.

ಬೇರೆ ರಾತ್ರಿಯಾಗಿದ್ದರೆ ನಕ್ಕುಬಿಡಬಹುದಿತ್ತು. ಗುಲಾಬಿ ನೀಹಾರಿಕೆಯ ನಡುವಿನ ನಕ್ಷತ್ರಗುಚ್ಛವನ್ನು ನನಗೆ ತೋರಿಸಿದ್ದು ಕಾಕಾ, ನನ್ನ ಚಿಕ್ಕಪ್ಪ. ಸುತ್ತಲಿನ ಹೂವು ಕ್ಯಾಮೆರಾಕ್ಕೆ ಮಾತ್ರ ಕಾಣುವಂಥದ್ದು. ನಮ್ಮ ಟೆರೇಸಿನಿಂದಲೇ ತೆಗೆದ ಅದರ ಚಿತ್ರ ನೋಡಬೇಕು ಎನ್ನುತ್ತಿದ್ದರು. ಈಗ ಅವರ ನೋಟದ ನಡುಭಾಗ ಹೋಗುತ್ತಿದೆ. ದೃಷ್ಟಿ ಹೋಳಿಯವರೆಗೆ ಉಳಿದರೆ ಪುಣ್ಯ ಎಂದಿದ್ದಾರೆ ಸಾತಾರಾದ ಡಾಕ್ಟರು.

ಪಕ್ಕದ ಹೊಲದಲ್ಲಿ ಪಾರೂಬಾಯಿಯ ಡ್ರ್ಯಾಗನ್ ಫ್ರೂಟ್. ಚಳಿಗಾಲದಲ್ಲೂ ಹೂ ಬಿಡಲೆಂದು ರಾತ್ರಿಯಿಡೀ ದೀಪ. ಆ ಬೆಳಕಿಗೆ ಆಕಾಶ ಹಾಲಿನಂತೆ, ನಕ್ಷತ್ರ ಕಾಣದು.

“ಕತ್ತಲಾದ್ರೆ ಗಿಡಕ್ಕೆ ಚಳಿಗಾಲ ನೆನಪಾಗುತ್ತೆ ಮ್ಯಾಡಮ್. ಮೊಗ್ಗು ನಿಂತ್ರೆ ನಿಮ್ಮ ನಕ್ಷತ್ರ ಮಾರ್ಕೆಟ್ಟಿಗೆ ಕಳಿಸ್ಲಾ?” ಎಂದಿದ್ದಳು, ದೀಪ ಆರಿಸಲು ಕೇಳಿದಾಗ. ಕಾಕಾನ ಕಣ್ಣಿನ ಸುದ್ದಿ ಕೇಳಿದ ಮೇಲೆ ಒಪ್ಪಿದಳು. “ಅಮಾವಾಸ್ಯೆ ಒಂದೇ. ಮತ್ತೆ ಕೇಳ್ಬೇಡಿ.”

ಆ ಒಂದು ರಾತ್ರಿ, ನಿನ್ನೆ.

ಜನವರಿ 20

ಬೇಲಿಯಾಚೆ ಪಾರೂಬಾಯಿ. “ಏನ್ ಸಿಕ್ತು ಮ್ಯಾಡಮ್? ಕಾಕಾ ನೋಡಿದ್ರಾ?”

“ಇನ್ನೂ ಪ್ರೊಸೆಸಿಂಗ್ ನಡೀತಿದೆ.”

“ಎಷ್ಟು ದಿನ? ನಾನು ಅಷ್ಟರಲ್ಲಿ ಹಪ್ಪಳ ಒಣಗಿಸಿ ಕರಿದೂ ಬಿಡ್ತೀನಿ.”

ಸುಳ್ಳು ಹೇಳಿದೆನೇ? ನಿಜವಂತೂ ಹೇಳಲಿಲ್ಲ.

ಜನವರಿ 29

ಸಾಫ್ಟ್‌ವೇರ್ ನಕ್ಷತ್ರಗಳನ್ನು ಅಳಿಸುತ್ತದೆ, ಮುಳ್ಳುಗಳನ್ನು ಹಾಗೇ ಉಳಿಸುತ್ತದೆ. ನಮ್ಮ ಆಕಾಶ ವೀಕ್ಷಕರ ವಾಟ್ಸಾಪ್ ಗ್ರೂಪಿನಲ್ಲಿ ಯಾರೋ ಹಾಕಿದ, ಅದೇ ಗುಲಾಬಿ ನೀಹಾರಿಕೆಯ ಸೊಗಸಾದ ಚಿತ್ರ ಇದೆ. ಅದನ್ನೇ ತೋರಿಸಿದರೆ ಕಾಕಾಗೆ ಗೊತ್ತಾಗದು. ತುಂಬ ಹೊತ್ತು ನೋಡುತ್ತ ಕೂತಿದ್ದೆ. ಆದರೆ ಅದು ನಮ್ಮ ಆಕಾಶವಲ್ಲ.

ಫೆಬ್ರವರಿ 11

ನನ್ನ ಚಿತ್ರವನ್ನೇ ಟಿವಿಗೆ ಹಾಕಿದೆ. ಕಾಕಾ ಕತ್ತು ವಾರೆ ಮಾಡಿದರು. ಮಸುಕಾದದ್ದು ಕಾಣಬೇಕಾದರೆ ಓರೆಗಣ್ಣಲ್ಲಿ ನೋಡು ಎಂದು ಕಲಿಸಿದವರು. ಈಗ ಊಟದ ತಟ್ಟೆಯನ್ನೂ ಹಾಗೇ ನೋಡುತ್ತಾರೆ.

“ನಮ್ಮ ಟೆರೇಸಿಂದಾನೇ ತಾನೇ?”

“ಹೌದು ಕಾಕಾ.”

ಎಡಕ್ಕೆ ತಿರುಗಿದರು. ಬಲಕ್ಕೆ. “ಗಾರ್ಗಿ, ಟಿವಿ ಹಚ್ಚಿದೀಯೇನೇ?”

ಹಚ್ಚಿತ್ತು.

ಆಗ ಹೇಳಿದೆ — ಮಾಸ್ಕ್ ತೆಗೆಯಲಿಲ್ಲ, ಚಿತ್ರ ಕೆಟ್ಟಿದೆ. ನಕ್ಕರು. “ಹಾಗಾದ್ರೆ ಫೋಕಸ್ಸಾದ್ರೂ ಸರಿಯಾಗಿ ಕೂತಿದೆಯಾ ಇಲ್ವಾ ನೋಡ್ಕೊಂಡೆ ತಾನೇ?” ಆಮೇಲೆ, “ಗ್ರೂಪ್‌ಗೆ ಹಾಕು. ನನ್ನ ಹೆಸರು ಬೇಡ. ದೀಪ ಆರಿಸಿದವಳದ್ದು ಹಾಕು.”

ಟಿವಿ ತಾವೇ ಆರಿಸಲೆಂದು ರಿಮೋಟಿಗೆ ತಡಕಾಡಿದರು. ಸಿಗಲಿಲ್ಲ.

ಫೆಬ್ರವರಿ 15

ಬೇಲಿ ಪಕ್ಕದ ಸಾಲಿನಲ್ಲಿ ಮೊಗ್ಗೇ ಇಲ್ಲ. “ಆ ಒಂದು ರಾತ್ರಿಯಿಂದ ಅಲ್ಲ ಬಿಡಿ” ಎಂದಳು ಪಾರೂಬಾಯಿ. ಎರಡು ಸಲ ಹೇಳಿದಳು.

ಚಿತ್ರದ ಕೆಳಗೆ ಬರೆದಿಟ್ಟಿದ್ದೇನೆ: ದೀಪ ಆರಿಸಿದವರು ಪಾರೂಬಾಯಿ ಮಾನೆ. ಮಾಸ್ಕ್ ತೆಗೆಯದವಳು ನಾನು. ಅವಳಿಗೆ ಮೊದಲು ತೋರಿಸಬೇಕು. ನಾಳೆ ಹೋಗಲೇ... ಹೋಗಿ ಏನೆನ್ನಲಿ?

ಗ್ರೂಪಿಗೆ ಹಾಕುವುದು ಫೆಬ್ರವರಿ 17ರ ಅಮಾವಾಸ್ಯೆಗೆ, ಅವಳ ದೀಪಗಳು ಹೊತ್ತಿಕೊಂಡ ಮೇಲೆ. ಈ ಸಲ ಆರಿಸಲು ಕೇಳುವುದಿಲ್ಲ.