ಚೆಂಡಿಗೆ ಕೊಟ್ಟ ತಲೆ

ಲ್ಯಾಂಕಷೈರ್
ನವೆಂಬರ್ ೧೨, ಬುಧವಾರ

ನನ್ನ ಮುದ್ದು ಜಿಲ್,

ಸಿಟ್ಟಿನ ಪತ್ರ ಬಂತು. ಶನಿವಾರ ಕ್ಲಬ್ಬಿನವರು ಅನಾವರಣ ಮಾಡುವ ಆ ಪ್ರತಿಮೆಯ ಕೆಳಗೆ ಅಪ್ಪನನ್ನು ನಿಲ್ಲಿಸಿದರೆ ಈ ಮನೆಯ ಮೆಟ್ಟಿಲು ಹತ್ತುವುದಿಲ್ಲ ಎಂದು ಬರೆದಿದ್ದೀಯ. ಹಠದಲ್ಲಿ ನೀನು ಅವರ ಮಗಳೇ, ಬಿಡು.

ನನಗೂ ಭಯವಿತ್ತು ಕಣೇ. ಮೈದಾನದ ತುಂಬ ಜನ, ಟೀವಿಯವರು. ಅಷ್ಟು ಜನರೆದುರು ಅವರು ಕಕ್ಕಾಬಿಕ್ಕಿಯಾಗಿ ಅತ್ತುಬಿಟ್ಟರೆ? ಆದರೂ ಒಪ್ಪಿಕೊಂಡೆ. ಇಂಗ್ಲೆಂಡಿಗೆ ಫುಟ್‌ಬಾಲ್ ಆಡಿದ ಮನುಷ್ಯ, ಈಗ ಅಡುಗೆಮನೆಯಲ್ಲಿ ಕೂತು ನನ್ನನ್ನೇ ಯಾರೆಂದು ಕೇಳುತ್ತಾರೆ. ಅವರು ಯಾರೆಂದು ಊರಿಗಾದರೂ ನೆನಪಿರಲಿ ಎಂಬ ಆಸೆ ನನ್ನದು.

ಚೆಂಡಿಗೆ ತಲೆ ಕೊಟ್ಟು ಕೊಟ್ಟೇ ತಲೆ ಹೀಗಾಯಿತು ಎಂದು ಡಾಕ್ಟರ್ ಹೇಳಿದ್ದನ್ನು ಅಲ್ಲಿ ಎತ್ತಬಾರದಂತೆ. ಕ್ಲಬ್ಬಿನ ಅಧ್ಯಕ್ಷ ಹಾವರ್ತ್ ಮನೆಗೇ ಬಂದು, ನನ್ನ ಕೇಕು ತಿಂದು, "ಸಂತೋಷದ ದಿನ ಬೆರಿಲಮ್ಮಾ, ಕಾಯಿಲೆ ಸುದ್ದಿ ಯಾಕೆ ಬಿಡಿ" ಎಂದ. ನಾನೂ ತಲೆಯಾಡಿಸಿದೆ.

ದೇಶಕ್ಕೆ ಆಡಿದವರಿಗೆ ಕೊಡುವ ಆ ಮಖಮಲ್ ಟೋಪಿ ಗೊತ್ತಲ್ಲ, ಯಾರೂ ಹಾಕಿಕೊಳ್ಳದೆ ಗಾಜಿನೊಳಗೆ ಇಡುವಂಥದ್ದು. ನಿಮ್ಮಪ್ಪ ಈಗ ಅದನ್ನು ಸ್ನಾನಕ್ಕೂ ತೆಗೆಯುವುದಿಲ್ಲ. "ತೆಗೆದ್ರೆ ತಲೆ ಉದುರಿಹೋಗುತ್ತೆ ಕಣೇ" ಅನ್ನುತ್ತಾರೆ.

ನಿನ್ನೆ ಅಭ್ಯಾಸಕ್ಕೆಂದು ನಮ್ಮಿಬ್ಬರನ್ನೂ ಮೈದಾನಕ್ಕೆ ಕರೆಸಿದ್ದರು. ಪ್ರತಿಮೆಗೆ ಹೊದಿಸಿದ್ದ ಬಟ್ಟೆ ಸರಿಸಿದರು. ನಿಮ್ಮಪ್ಪ ಸ್ಕಾಟ್ಲೆಂಡಿನ ವಿರುದ್ಧ ಹೊಡೆದ ಆ ಗೋಲೇ: ಕಂಚಿನ ಹುಡುಗ ಗಾಳಿಗೆ ಹಾರಿದ್ದಾನೆ, ಹಣೆ ಚೆಂಡಿಗೆ ತಾಗಿದೆ. "ಇದ್ಯಾರು ಹೇಳಿ ಕ್ಲಿಫ್?" ಎಂದು ಹಾವರ್ತ್ ಕೇಳಿದ. ನಿಮ್ಮಪ್ಪ ಬಹಳ ಹೊತ್ತು ನೋಡಿದರು. ಆಮೇಲೆ ತಾವೇ ಟೋಪಿ ತೆಗೆದು ಆ ಹುಡುಗನ ತಲೆಗೆ ಹಾಕಲು ಕೈ ಚಾಚಿದರು. ಎಟುಕಲಿಲ್ಲ.

"ಲೇ ಮರೀ, ಬೇಡ ಕಣೋ! ತಲೆ ಕೊಡಬೇಡ!" ಎಂದು ಕೂಗಿದರು.

"ಕ್ಲಿಫ್ ತಮಾಷೆ ಮಾತ್ರ ಬಿಟ್ಟಿಲ್ಲ ನೋಡಿ" ಎಂದು ಹಾವರ್ತ್ ನಕ್ಕ. ನನಗೆ ಮೈಯೆಲ್ಲ ಉರಿದುಹೋಯಿತು ಜಿಲ್. ಟೋಪಿಯನ್ನು ನಾನೇ ಅವರ ತಲೆಗೆ ಹಾಕಿ ಮನೆಗೆ ಕರೆತಂದೆ. ದಾರಿಯುದ್ದಕ್ಕೂ ಆ ಹುಡುಗ ಮನೆ ಸೇರಿದನಾ ಎಂದು ಕೇಳುತ್ತಲೇ ಇದ್ದರು.

ನೀನೇ ಗೆದ್ದೆ. ಶನಿವಾರ ಅವರನ್ನು ಕರೆದೊಯ್ಯುವುದಿಲ್ಲ. ನೀನು ಬೇಗ ಬಂದು ಅವರ ಜೊತೆ ಇರು. ಆಲೂಗಡ್ಡೆ ಪೈ ಮಾಡಿಟ್ಟಿರುತ್ತೇನೆ, ಬಿಸಿ ಮಾಡಿಕೊಂಡರೆ ಸಾಕು.

ನಿನ್ನ ಅಮ್ಮ,
ಬೆರಿಲ್

ಮರೆತಿದ್ದೆ: ಆ ಹೊತ್ತಿಗೆ ನಾನು ಮನೆಯಲ್ಲಿರುವುದಿಲ್ಲ. ಪ್ರತಿಮೆಯ ಬಟ್ಟೆ ಎಳೆಯಲು ನಾನೇ ಬರುತ್ತೇನೆ ಎಂದು ಹೇಳಿಕಳಿಸಿದ್ದೇನೆ. ಹಾವರ್ತ್‌ಗೆ ಖುಷಿಯೋ ಖುಷಿ, ಎರಡು ಮಾತಾಡಿ ಎಂದು ಮೈಕು ಕೊಡುತ್ತಾನಂತೆ. ಟೀವಿ ಹಾಕಿಕೊಂಡಿರು. ಡಾಕ್ಟರ್ ಹೇಳಿದ್ದನ್ನು ಮೊದಲು ಹೇಳುತ್ತೇನೆ, ಆಮೇಲೆ ನಿಮ್ಮಪ್ಪ ಆ ಹುಡುಗನಿಗೆ ಹೇಳಿದ್ದನ್ನು.