ನಂಬರ್ ತೋರಿಸದ ಫೋನು

ಮಂಗಳವಾರ, ರಾತ್ರಿ ಎರಡೂಕಾಲು. ಫೋನಿನ ಗಂಟೆಗೆ ಎಚ್ಚರವಾಯಿತು. "ಬೇಗ ಬನ್ನಿ, ಇವರು ಉಸಿರಾಡ್ತಿಲ್ಲ" ಎಂದಳು ಒಬ್ಬಳು. ಅಷ್ಟರಲ್ಲಿ ಕಂಕುಳಲ್ಲಿದ್ದ ನನ್ನ ಮಗು ಕಿರುಚಿಕೊಂಡಿತು. "ಒಂದು ನಿಮಿಷ" ಎಂದೆ. ಲೈನ್ ಕಟ್ ಆಯಿತು.

ಊರಿನ ಮೊದಲ ಆಂಬ್ಯುಲೆನ್ಸ್ ನಮ್ಮ ಬಡಾವಣೆಯವರು ಸೇರಿ ಓಡಿಸಿದ್ದು. ಇವತ್ತಿಗೆ ಐವತ್ತು ವರ್ಷ. ಕರೆ ತೆಗೆದುಕೊಳ್ಳುವ ಸರದಿ ಮನೆಯಿಂದ ಮನೆಗೆ ಹೋಗುತ್ತದೆ, ಇವತ್ತು ನಮ್ಮದು. ಇತಿಹಾಸಕ್ಕೆ ಗೌರವವೆಂದು ಸಂಜೆ ಕರೆ ಬರುವ ಮೊಬೈಲನ್ನು ಬದಿಗಿಟ್ಟು, ಆಗಿನ ಕಪ್ಪು ಫೋನನ್ನೇ ನಮ್ಮ ಮನೆಯಲ್ಲಿ ಜೋಡಿಸಿ ಚಪ್ಪಾಳೆ ತಟ್ಟಿದರು. ಅದರಲ್ಲಿ ಕರೆದವರ ನಂಬರ್ ಕಾಣುವುದಿಲ್ಲವೆಂದು ಯಾರಿಗೂ ಹೊಳೆಯಲಿಲ್ಲ. ನನಗೂ.

ಆ ಕಾಲದ ಮೊದಲ ಕರೆ ತೆಗೆದುಕೊಂಡವರು ಅತ್ತೆ. ಸಂಜೆ ಸನ್ಮಾನವೂ ಅವರಿಗೇ. ಎಬ್ಬಿಸಿ ಹೇಳಿದೆ.

"ಡಿಗ್ರಿ ಮಾಡಿದೀಯ, ಮೊದಲು ವಿಳಾಸ ಕೇಳ್ಬೇಕು ಅಂತ ಗೊತ್ತಾಗ್ಲಿಲ್ವಾ?"

"ಮತ್ತೆ ಮಾಡ್ತಾಳೆ ಅಲ್ವಾ ಅತ್ತೆ?"

"ಸತ್ತೋರಿಗೆ ಆಂಬ್ಯುಲೆನ್ಸ್ ಯಾಕಮ್ಮಾ? ಹೋಗಿ ಮಲಕ್ಕೋ." ಮಗ್ಗುಲು ಬದಲಿಸಿದರು, ಗೊರಕೆಯೂ ಶುರುವಾಯಿತು.

ಹೊರಗೆ ನಮ್ಮನೆಯವರು ಆಂಬ್ಯುಲೆನ್ಸ್ ಚಾಲೂ ಮಾಡಿಕೊಂಡು ಕೂತಿದ್ದಾರೆ. ಹೋಗುವುದಾದರೂ ಎಲ್ಲಿಗೆ?

ಫೋನ್ ಮಾಡಿದ ಅಕ್ಕಾ, ನೀವು ಯಾರೋ ಗೊತ್ತಿಲ್ಲ, ಫೋನಿನ ಪಕ್ಕದಲ್ಲೇ ಕೂತು ನಿಮಗೇ ಬರೆಯುತ್ತಿದ್ದೇನೆ. ಮಗು ಎಷ್ಟೇ ಅಳಲಿ, ಈ ಸಲ ವಿಳಾಸವನ್ನೇ ಕೇಳುತ್ತೇನೆ. ಬೆಳಗಾಗುವ ಮುಂಚೆ ಇನ್ನೊಂದೇ ಸಲ ಫೋನ್ ಮಾಡಿ. ನನ್ನನ್ನು ಬೈಯುವುದಕ್ಕಾದರೂ ಮಾಡಿ, ದಯವಿಟ್ಟು