ಕೊಜಿಮಾಕ್ಕೆ ಇವತ್ತು ದಾರಿಯಿಲ್ಲ

ಏಪ್ರಿಲ್ 14

ಬೆಳಿಗ್ಗೆ ಕಾರು ತೊಳೆದದ್ದಾಯಿತು. ಎರಡು ಬಕೆಟ್ ನೀರು, ಹಳೇ ಟವೆಲ್. ಉಪ್ಪುಗಾಳಿ ರಾತ್ರಿಯೆಲ್ಲ ನೆಕ್ಕಿರುತ್ತದೆ, ಒಂದು ದಿನ ಬಿಟ್ಟರೂ ಬಾನೆಟ್ ಮಂಕು. ಇಡೀ ಇಕಿ ದ್ವೀಪದಲ್ಲಿ ನನ್ನ ಟ್ಯಾಕ್ಸಿಯಷ್ಟು ಹೊಳೆಯುವ ಟ್ಯಾಕ್ಸಿ ಇನ್ನೊಂದಿಲ್ಲ. ಜಂಬ ಅಲ್ಲ, ಯಾರು ಬೇಕಾದರೂ ಬಂದು ನೋಡಲಿ.

ಬೆಳಗಿನ ಹಡಗಿಗೆ ಒಸಾಕಾದ ಗಂಡ ಹೆಂಡತಿ. ಗಂಡ ಹಲ್ಲಿನ ಡಾಕ್ಟರು — ಬ್ಯಾಗು ಡಿಕ್ಕಿಗೆ ಹಾಕುವ ಮೊದಲೇ ಹೇಳಿಬಿಟ್ಟೆ. ನಾನು ನಕ್ಕರೆ ಅವನ ಕಣ್ಣು ನನ್ನ ಮುಖಕ್ಕಲ್ಲ, ದವಡೆಗೆ ಹೋಯಿತು. ಹೆಂಡತಿ ಬಾಯಿ ಬಿಟ್ಟುಕೊಂಡು ನೋಡಿದಳು. ಗಿರಾಕಿಯ ಕೆಲಸ ಗುರುತಿಸುವುದರಲ್ಲಿ ನಾನು ತಪ್ಪಿದ್ದೇ ಇಲ್ಲ.

ಅವರಿಗೆ ತೋರಿಸಿದ್ದು ಕೋತಿಬಂಡೆ, ಸಮುದ್ರದಂಚಿನ ಕೋತಿ ಆಕಾರದ ಬಂಡೆ. ಬೇರೆ ಡ್ರೈವರುಗಳು ಕಾರು ನಿಲ್ಲಿಸಿದಲ್ಲಿಂದಲೇ ಅದೋ ಕೋತಿ ಎಂದು ಕೈ ತೋರಿಸಿ ಸಿಗರೇಟು ಹಚ್ಚುತ್ತಾರೆ. ನಾನು ಹಾಗಲ್ಲ. ಕಣ್ಣು ಮುಚ್ಚಿಸಿ ನಡೆಸಿಕೊಂಡು ಹೋಗಿ, ಬೇಲಿಯ ಮೂಲೆಗೆ ನಿಲ್ಲಿಸಿ, ಆಮೇಲೆ — "ಈಗ ತೆಗೀರಿ!"

"ಅಯ್ಯೋ, ಕೋತಿ! ಮುನಿಸ್ಕೊಂಡು ಕೂತಿದೆ ನೋಡ್ರೀ!" ಎಂದಳು ಹೆಂಡತಿ. ಗಂಡನ ತೋಳು ಹಿಡಿದುಕೊಂಡಳು. ಇಷ್ಟಾದರೆ ಸಾಕು ನನಗೆ.

ಮಧ್ಯಾಹ್ನ ಫೋನ್. ಮೊಜಿ ಊರಿನ ಕುರಹಾಶಿ-ಸಾನ್. ಮೇ ಏಳು, ಎಂಟಕ್ಕೆ ಬರುತ್ತಾರಂತೆ, ಪ್ರತಿ ವರ್ಷದ ಹಾಗೆ. "ಈ ಸಲ ಕೊಜಿಮಾ ನೋಡಬಹುದಾ, ತೊಮಿಯೆ-ಸಾನ್?" ಎಂದರು.

"ಅದು ನೀರಿನ ಕೈಲಿದೆ" ಎಂದೆ. ದನಿ ಒಂದಿಷ್ಟೂ ನಡುಗಲಿಲ್ಲ. ಶಭಾಷ್ ಎಂದುಕೊಂಡೆ.

ಏಪ್ರಿಲ್ 15

ಗಿರಾಕಿ ಇಲ್ಲ. ಯಹತದ ಬಂದರಿಗೆ ಹೋದೆ. ಹಾತ್ಸುಯೆ ಅಕ್ಕ ಸಮುದ್ರದಿಂದ ಆಗಷ್ಟೇ ಎದ್ದು ಬಂದಿದ್ದಳು. ಎಪ್ಪತ್ತು ದಾಟಿದೆ, ಈಗಲೂ ಉಸಿರು ಕಟ್ಟಿ ತಳಕ್ಕಿಳಿದು ಚಿಪ್ಪು ಹೆಕ್ಕುತ್ತಾಳೆ. ಮನೆಯ ಮೇಲಿನ ಎರಡು ರೂಮು ಯಾತ್ರಿಕರಿಗೆ ಬಾಡಿಗೆ. ನೀರಿನಲ್ಲಿ ನಿಂತಿರುವ ಆರು ಕಲ್ಲಿನ ಜಿಜೋ ದೇವರಿಗೆ ಕೈ ಮುಗಿದು, ಒಬ್ಬರ ಹೊಟ್ಟೆಯ ತೂತಿನಲ್ಲಿ ಕಿತ್ತಳೆ ಇಟ್ಟು, ನನ್ನ ಕಡೆ ತಿರುಗಿದಳು.

"ನಿನ್ನ ಮೊಜಿಯವನು ಬರ್ತಾನಂತೆ?"

"ನನ್ನವನಲ್ಲ. ಗಿರಾಕಿ."

"ಈ ಸಲವೂ ನೀರು ಏರಿರುತ್ತೇನೋ, ಪಾಪ!"

"ಅದು ನೀರಿನಿಷ್ಟ. ನಂದೇನಿದೆ?"

"ಕಳ್ಳಿ! ಹೋದ ವರ್ಷ ಅಲ್ಲೇ ಪಾಚಿ ಹೆಕ್ತಾ ಇದ್ದೆ ಕಣೇ. ನೀನು ತಿರುವಲ್ಲೇ ಕಾರು ಹಿಂದಕ್ಕೆ ತಿರುಗಿಸ್ಕೊಂಡು ಹೋದೆ. ಒಂದು ಗಂಟೆ ಕಾದಿದ್ರೆ ಒದ್ದೆ ಆಗದೆ ನಡ್ಕೊಂಡು ಹೋಗಬಹುದಿತ್ತು."

"ಈ ವಯಸ್ಸಲ್ಲೂ ಕಣ್ಣು ಚುರುಕಾಗಿದೆ ನಿಂಗೆ."

"ತೋರಿಸೋದು ಮುಗಿದ್ರೆ ಬರೋದೂ ಮುಗಿಯುತ್ತೆ ಅಂತ ಹೆದರಿಕೆ ನಿಂಗೆ. ಹೌದೋ ಅಲ್ವೋ?"

ಹೌದು. ಇಲ್ಲಿ ಬರೆಯುವುದಕ್ಕೆ ಯಾರ ಹಂಗು? ಆ ಮನುಷ್ಯ ನನಗೆ ಇಷ್ಟ. ಮೊದಲ ಸಲ ಬಂದಾಗ, ಹೆಂಡತಿ ಈ ದ್ವೀಪ ನೋಡಬೇಕು ನೋಡಬೇಕು ಎನ್ನುತ್ತಲೇ ತೀರಿಕೊಂಡಳು, ನಾನು ಆಮೇಲೆ ಆಮೇಲೆ ಎನ್ನುತ್ತಿದ್ದೆ, ಈಗ ನನಗೇನೂ ಅವಸರವಿಲ್ಲ, ಸಲಕ್ಕೆ ಒಂದೋ ಎರಡೋ ತೋರಿಸಿ ಸಾಕು ಎಂದರು. ಬೇರೆಯವರು ಒಂದೇ ದಿನದಲ್ಲಿ ಮುಗಿಸುವ ದ್ವೀಪವನ್ನು ನಾನು ಅವರಿಗೆ ವರ್ಷಗಟ್ಟಲೆ ಬಡಿಸಿದ್ದೇನೆ. ಕೋತಿಬಂಡೆ, ರಾಕ್ಷಸನ ಹೆಜ್ಜೆ, ಕುರೊಸಾಕಿಯ ಫಿರಂಗಿಗುಂಡಿ, ಹಳೇ ಕಲ್ಲುಗೋರಿಗಳು, ಸಾಕ್ಯೊದ ಕಡಿದಾದ ಭೂಶಿರ... ಉಳಿದಿರುವುದು ಕೊಜಿಮಾ ಒಂದೇ. ಕೊಲ್ಲಿಯ ನಡುವಿನ ಪುಟ್ಟ ಮರಡಿ, ಹಿಂದೆ ದೇವರ ಗುಡಿ. ನೀರು ಪೂರ್ತಿ ಇಳಿದಾಗ ಮಾತ್ರ ಮರಳಿನ ದಾರಿ ಏಳುತ್ತದೆ. ಮೂರು ವರ್ಷದಿಂದ ನನ್ನದು ಒಂದೇ ಪಲ್ಲವಿ — ಕೊಜಿಮಾಕ್ಕೆ ಇವತ್ತು ದಾರಿಯಿಲ್ಲ.

ಅವರು ನಂಬಿದ್ದಾರೆ. ನಂಬದೆ ಏನು? ಮುನಿಸಿಪಾಲಿಟಿ ಗುಮಾಸ್ತರು ಅವರು, ಖಂಡಿತ ನೀರಿನ ತೆರಿಗೆ ವಿಭಾಗ. ಶರ್ಟಿನ ಮೇಲಿನ ಗುಂಡಿಯನ್ನೂ ಹಾಕಿರುತ್ತಾರೆ. ಸಮುದ್ರ ನೋಡುತ್ತಾರೆ, ಕೈಗಡಿಯಾರ ನೋಡುತ್ತಾರೆ, ಮತ್ತೆ ಸಮುದ್ರ ನೋಡುತ್ತಾರೆ. ಆಫೀಸಿನ ಚಟ ಎಲ್ಲಿ ಹೋಗುತ್ತದೆ!

ಕೇಳಿಲ್ಲ ಅವರನ್ನು. ಕೇಳುವ ಅಗತ್ಯ ನನಗೆ ಬಿದ್ದಿಲ್ಲ.

ಮೇ 5

ರಜೆಯ ವಾರ. ಬರೆಯಲು ಪುರಸೊತ್ತಿರಲಿಲ್ಲ. ಸ್ಟೀರಿಂಗ್ ಹಿಡಿದು ಹಿಡಿದು ಭುಜ ಹಿಡಿದಿದೆ.

ಕುರಹಾಶಿ-ಸಾನ್ ಮತ್ತೆ ಫೋನ್ ಮಾಡಿದ್ದರು. ಮನೆ ಖಾಲಿ ಮಾಡುತ್ತಿದ್ದಾರಂತೆ. ಮಗ ಸೆಂಡೈಗೆ ಕರೆಯುತ್ತಿದ್ದಾನೆ. ಜೂನ್‌ನಲ್ಲಿ ಹೊರಡುವುದು. "ಅಲ್ಲಿಂದ ಇಲ್ಲಿಗೆ ದೂರ ಆಗುತ್ತೆ. ಬಹುಶಃ ಇದೇ ಕೊನೇ ಸಲ, ತೊಮಿಯೆ-ಸಾನ್. ನೋಡಿದ ಜಾಗಗಳನ್ನೂ ಇನ್ನೊಂದು ಸಲ ನೋಡಿಬಿಡ್ತೀನಿ."

"ಆಯ್ತು, ಕಾರು ತೊಳೆದಿಟ್ಟಿರ್ತೀನಿ" ಎಂದೆ.

ಫೋನ್ ಇಟ್ಟ ಮೇಲೆ ಅಕ್ಕಿ ತೊಳೆಯುತ್ತ ನಿಂತೆ. ಒಂದೇ ಅಕ್ಕಿಯನ್ನು ಎಷ್ಟು ಸಲ ತೊಳೆದೆನೋ, ನೀರು ಬೆಳ್ಳಗಾಗುವುದೇ ನಿಂತುಹೋಗಿತ್ತು.

ಸುಳ್ಳು ಹೇಳಿದರೆ ಕೊಜಿಮಾ ನೋಡದೆಯೇ ಸೆಂಡೈಗೆ ಹೋಗುತ್ತಾರೆ. ನಿಜ ಹೇಳಿದರೆ ನೋಡಿ ಹೋಗುತ್ತಾರೆ. ಹೋಗುವುದಂತೂ ಹೋಗುತ್ತಾರೆ. ಸರಿ, ನೋಡೋಣ. ಏನೋ ಮಾಡುತ್ತೇನೆ. ಇಲ್ಲಿಯವರೆಗೆ ನನ್ನ ಕೈಲಿ ಆಗದ್ದು ಯಾವುದಿದೆ?

ಮೇ 7

ಬಂದರು. ಅದೇ ಬೂದು ಕೋಟು, ಅದೇ ಗುಂಡಿ. ಸ್ವಲ್ಪ ಸೊರಗಿದ್ದಾರೆ. ಈ ಸಲ ಹಿಂದಿನ ಸೀಟು ಬಿಟ್ಟು ಮುಂದೆ ಕೂತರು.

ಕೋತಿಬಂಡೆ ನೋಡಿದೆವು. "ನಾನು ಮೊದಲು ಬಂದಾಗಿನ ಸಿಟ್ಟು ಇನ್ನೂ ಇಳಿದಿಲ್ಲ ಇದಕ್ಕೆ" ಎಂದರು. ಹೊಟ್ಟೆ ಹಿಡಿದುಕೊಂಡು ನಕ್ಕೆ. ರಾಕ್ಷಸನ ಹೆಜ್ಜೆಯ ಹತ್ತಿರ ಗಾಳಿ ಜೋರು, ಟೋಪಿ ಹಾರಿ ಹುಲ್ಲಿನಲ್ಲಿ ಉರುಳಿತು. ಓಡಿ ಹಿಡಿದದ್ದು ನಾನು. ಅರವತ್ತೆರಡರಲ್ಲಿ ಹೀಗೆ ಓಡುವವರನ್ನು ಸೆಂಡೈಯಲ್ಲಿ ತೋರಿಸಲಿ!

ಸಂಜೆ ಯುನೊಮೊತೊದ ಬಿಸಿನೀರಿನ ಬುಗ್ಗೆಯ ಹೋಟೆಲಿಗೆ ಬಿಟ್ಟೆ. ಇಳಿಯುವಾಗ ಬಾಗಿಲ ಮೇಲೆ ಕೈಯಿಟ್ಟು ಕೇಳಿದರು:

"ನಾಳೆ ಕೊಜಿಮಾ?"

ಪಲ್ಲವಿ ನಾಲಿಗೆಯ ತುದಿಗೆ ಬಂದಿತ್ತು. ಹೇಳಲು ಬಾಯಿಯನ್ನೂ ತೆರೆದೆ. ಆಮೇಲೆ ಆ ಮುಖ ನೋಡಿದೆ. ಹೆಂಡತಿಯ ಆಸೆಯನ್ನು ಆಮೇಲೆ ಆಮೇಲೆ ಎಂದು ಮುಂದಕ್ಕೆ ಹಾಕಿದ ಮನುಷ್ಯ ಇದು. ಇವರಿಗೆ ನಾನೂ ಅದನ್ನೇ ಮಾಡುವುದಾ?

"ನಾಳೆ ನಾಲ್ಕಕ್ಕೆ ದಾರಿ ಬಿಡುತ್ತೆ. ಸಂಜೆ ಹಡಗಿಗೆ ಟೈಮ್ ಸಿಗುತ್ತೆ. ಬೂಟು ಬೇಡ, ಚಪ್ಪಲಿ ಹಾಕ್ಕೊಳ್ಳಿ" ಎಂದೆ.

ಅವರು ಕೈಗಡಿಯಾರ ನೋಡಿಕೊಂಡರು. ತಲೆಯಾಡಿಸಿದರು. ಅಷ್ಟೇ.

ಮೇ 8, ಬೆಳಿಗ್ಗೆ

ಮೋಡವಿಲ್ಲ. ಸುಳ್ಳು ಹೇಳೋಣವೆಂದರೆ ನೆಪಕ್ಕೂ ಒಂದು ಮೋಡವಿಲ್ಲ. ಕಾರು ತೊಳೆದೆ. ಇವತ್ತು ಮೂರು ಬಕೆಟ್.

ಮೇ 8, ರಾತ್ರಿ ಊಟವಾದ ಮೇಲೆ

ಎರಡು ಸಲ ಪೆನ್ನು ಹಿಡಿದು ಕೆಳಗಿಟ್ಟೆ. ಸಿಟ್ಟಿಗೋ ಇನ್ಯಾತಕ್ಕೋ... ಒಂದೊಂದಾಗಿ ಬರೆಯುತ್ತೇನೆ.

ನಾಲ್ಕಕ್ಕೆ ಹೋದಾಗ ದಾರಿ ಎದ್ದಿತ್ತು. ಒದ್ದೆ ಮರಳು, ಎರಡೂ ಕಡೆ ಕಾಲು ಮುಳುಗದಷ್ಟು ನೀರು. ಅವರು ಮುಂದೆ, ನಾನು ಹಿಂದೆ. ಮರಡಿಯ ಬೆನ್ನಿಗೆ ಸುತ್ತಿ ಹೋಗಿ, ಕಲ್ಲುಗಳ ಮೇಲೆ ಹತ್ತಿ ಗುಡಿಯ ಮುಂದೆ ನಿಂತೆವು. ಎರಡು ಸಲ ಬಾಗಿ ಚಪ್ಪಾಳೆ ತಟ್ಟಿದರು, ಆಮೇಲೆ ಬಹಳ ಹೊತ್ತು ಕಣ್ಣು ಮುಚ್ಚಿ ನಿಂತರು. ನಾನೂ ಕಣ್ಣು ಮುಚ್ಚಿದೆ. ಬೇಡುವುದೇನೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಕೇಳಲು ನಾಚಿಕೆಯಾಗಿ ಗಿರಾಕಿಗಳ ಆರೋಗ್ಯ ಬೇಡಿಕೊಂಡೆ.

ವಾಪಸು ಬರುವಾಗ ಹಲಗೆಯ ಮುಂದೆ ನಿಂತರು. ಈ ನಡುಗಡ್ಡೆಯಿಂದ ಒಂದು ಕಡ್ಡಿಯನ್ನೂ ಒಂದು ಕಲ್ಲನ್ನೂ ಹೊರಗೆ ಒಯ್ಯಬಾರದು ಎಂದು ಬರೆದಿದೆ. ನಾವು ಇಲ್ಲಿ ಹುಟ್ಟಿದವರು ಚಪ್ಪಲಿಯ ಮರಳನ್ನೂ ಅಲ್ಲೇ ಕೊಡವಿ ಬರುತ್ತೇವೆ. ಅಮ್ಮ ನನ್ನ ಕಿವಿ ಹಿಂಡಿ ಕಲಿಸಿದ್ದು.

"ತಗೊಂಡು ಹೋದವರಿಗೆ ಏನಾಗುತ್ತೆ?"

"ವಾಪಸ್ ತಂದು ಇಡೋವರೆಗೂ ದ್ವೀಪ ಬಿಡೋ ಹಾಗಿಲ್ಲ. ಬಿಟ್ರೆ ಅದರ ಫಲ ದೇವರೇ ಕೊಡ್ತಾನೆ."

"ಓಹೋ" ಎಂದರು.

ಕಾರಿನ ಹತ್ತಿರ ಬಂದ ಮೇಲೆ, ಕೊಲ್ಲಿಯ ಕಡೆಗೇ ನೋಡುತ್ತ, ಹವಾಮಾನ ಹೇಳುವಷ್ಟು ಸಲೀಸಾಗಿ —

"ಹೋದ ವರ್ಷ ಇದೇ ತಿರುವಲ್ಲಿ ನೀರು ಏರ್ತಿದೆ ಅಂದ್ರಿ. ಆ ಕಟ್ಟೆ ಕಂಬಗಳಲ್ಲಿ ಒದ್ದೆ ಗುರುತು ನೀರಿಗಿಂತ ಒಂದು ಗೇಣು ಮೇಲಿತ್ತು. ನೀರು ಇಳೀತಿತ್ತು, ತೊಮಿಯೆ-ಸಾನ್."

"ನಿಮಗೆ ಹೇಗೆ ಗೊತ್ತು ಅದೆಲ್ಲ?"

"ಕಾನ್ಮೋನ್ ಜಲಸಂಧಿಯಲ್ಲಿ ಹಡಗುಗಳಿಗೆ ಪೈಲಟ್ ಆಗಿದ್ದೆ. ದೊಡ್ಡ ಹಡಗಿಗೆ ಹತ್ತಿ ದಾರಿ ಹೇಳೋದು. ಇಪ್ಪತ್ತೆಂಟು ವರ್ಷ ನೀರು ಏರೋದು ಇಳಿಯೋದು ನೋಡೋದೇ ಕೆಲಸ."

ನೀರಿನ ತೆರಿಗೆ! ಯಾವ ಮುಖ ಇಟ್ಟುಕೊಂಡು ನಿಲ್ಲಲಿ?

"ಗೊತ್ತಿದ್ದೂ ಸುಮ್ಮನಿದ್ರಾ? ಮೂರು ವರ್ಷ?"

"ನೀವು ಅಷ್ಟು ಧೈರ್ಯವಾಗಿ ಹೇಳ್ತಿದ್ರಿ. ಅಲ್ಲ ಅನ್ನೋಕೆ ಮನಸ್ಸು ಬರಲಿಲ್ಲ" ಎಂದರು. ಕಾರಿನ ಬಾಗಿಲು ಹಿಡಿದು — "ಮುಂದಿನ ವರ್ಷಕ್ಕೆ ಒಂದು ಕಾರಣ ಬೇಕಿತ್ತು ನಂಗೂ."

ಗಾಡಿ ಸ್ಟಾರ್ಟ್ ಮಾಡಿದೆ. ಅಶಿಬೆ ಬಂದರಿಗೆ ಬಂದು ನಿಲ್ಲಿಸಿದೆ. ಮೂರು ವರ್ಷ ಇವರು ಕಾರಣ ಹುಡುಕುತ್ತಿದ್ದರು, ನಾನು ಕಾರಣ ಬಚ್ಚಿಡುತ್ತಿದ್ದೆ. ಈಗ ಕಾರಣ ಮುಗಿದಿದೆ, ಹಡಗು ಹೊಗೆ ಬಿಡುತ್ತ ನಿಂತಿದೆ. ಬೇಡ ಹೋಗಬೇಡಿ ಎನ್ನಲು ನಾನ್ಯಾರು? ಬ್ಯಾಗು ಇಳಿಸಿಕೊಟ್ಟೆ. ಬಾಗಿದೆ. ಅವರೂ ಬಾಗಿದರು.

ಏಣಿಯವರೆಗೆ ಹೋದವರು ನಿಂತರು. ಕೋಟಿನ ಜೇಬಿಗೆ ಕೈ ಹಾಕಿದರು. ತಿರುಗಿ ನನ್ನ ಹತ್ತಿರ ಬಂದು ಅಂಗೈ ಬಿಚ್ಚಿದರು.

ಹೆಬ್ಬೆಟ್ಟಿನ ಉಗುರಿನಷ್ಟು ಕರೀ ಕಲ್ಲು. ಇನ್ನೂ ಒದ್ದೆ.

"ಏನಿದು?"

"ಕೊಜಿಮಾದ್ದು."

ಕಿರುಚಿದೆ. ಇಡೀ ಬಂದರೇ ತಿರುಗಿ ನೋಡಿರಬೇಕು. "ಬುದ್ಧಿ ಇದೆಯಾ ನಿಮಗೆ? ದೇವರ ಹತ್ರ ಆಟ ಆಡ್ತೀರಾ? ಹಲಗೆ ಓದಲಿಲ್ವಾ?"

"ಓದಿದೆ. ಓದಿ, ಅಲ್ಲಿಗೇ ವಾಪಸ್ ಹೋಗಿ ತಗೊಂಡೆ. ನೀವು ಮುಂದೆ ಹೋಗಿ ಕಾರಿನ ಬಾಗಿಲು ತೆಗೀತಿದ್ರಿ. ಕದ್ದಿದ್ದಲ್ಲ, ದೇವರಿಗೆ ಹೇಳಿಯೇ ತಂದೆ — ನಾಳೆ ಕೊಡ್ತೀನಿ ಅಂತ."

"ರೀ ಯಜಮಾನ್ರೇ, ಹತ್ತೋದಾದ್ರೆ ಹತ್ತಿ!" ಎಂದು ಏಣಿಯ ಹತ್ತಿರದವನು ಕೂಗಿದ.

"ಅವರು ಹತ್ತೋ ಹಾಗಿಲ್ಲ!" ಎಂದು ನಾನೇ ಕೂಗಿದೆ. ನನ್ನ ಬಾಯಿಂದಲೇ ಬಂತು. "ಕೊಜಿಮಾದ ಕಲ್ಲು ಜೇಬಲ್ಲಿದೆ!"

ಅವನು ಈ ಊರಿನವನೇ. ಮುಖ ಬಿಳುಚಿತು. ತಕ್ಷಣ ಏಣಿ ಎಳೆದುಕೊಂಡ.

ಹಡಗು ಹೋಯಿತು. ಕುರಹಾಶಿ-ಸಾನ್ ಗಡಿಯಾರ ನೋಡಿ ಗಂಭೀರವಾಗಿ ಹೇಳಿದರು: "ನಾಳೆ ದಾರಿ ಬಿಡೋದು ಐದರ ಹತ್ರ. ಸಂಜೆ ಹಡಗು ನಾಳೆಯೂ ತಪ್ಪುತ್ತೆ."

"ತಪ್ಪುತ್ತೆ" ಎಂದೆ. ನಗು ತಡೆಯಲು ಕೆನ್ನೆ ಕಚ್ಚಿಕೊಂಡೆ. ಅಷ್ಟರಲ್ಲೇ ಅಳುವೂ ಬಂತು. ಹಾಳಾದ ಮನುಷ್ಯ!

ರೂಮು ಹಾತ್ಸುಯೆ ಅಕ್ಕನ ಮನೆಯಲ್ಲಿ. ಊಟ ಮಾತ್ರ ನನ್ನಲ್ಲಿ. ನೆಂಟರನ್ನು ಒಳಕೋಣೆಗೆ ಕರೆದು ಬಡಿಸುವಾಗ ಮಾಡುವ ಕೋಳಿಸಾರು, ಹಿಕಿತೋಶಿ. ನನ್ನ ಗಂಡ ಹೋದ ಮೇಲೆ ಆ ಪಾತ್ರೆ ಕಪಾಟಿನಿಂದ ಇಳಿದಿರಲಿಲ್ಲ. ಗಟ್ಟಿ ತೋಫು ಕತ್ತರಿಸುತ್ತಿದ್ದಾಗ ಹಾತ್ಸುಯೆ ಅಕ್ಕ ಇಣುಕಿದಳು.

"ಗಿರಾಕಿಗೆ ಹಿಕಿತೋಶಿ ಮಾಡೋದು ಯಾವಾಗಿಂದ್ಲೇ?"

"ಹೋಗೇ, ನಿನ್ನ ಪಾಚಿ ನೋಡ್ಕೋ ಹೋಗು!"

ಅವರು ಮೂರು ಬಟ್ಟಲು ಉಂಡರು. ಕಲ್ಲನ್ನು ನಮ್ಮ ಮನೆಯ ದೇವರ ಗೂಡಿನಲ್ಲಿಟ್ಟಿದ್ದಾರೆ, ಜೇಬಿನಲ್ಲಿ ಇರಬಾರದೆಂದು.

ಮೇ 9, ಮಧ್ಯಾಹ್ನ

ಬೆಳಿಗ್ಗೆ ಎದ್ದು ನೋಡಿದರೆ ಕಾರು ತೊಳೆದಾಗಿತ್ತು. ಅವರು. ಚಕ್ರದಿಂದ ಶುರು ಮಾಡಿ ಮೇಲಕ್ಕೆ ತೊಳೆದಿದ್ದಾರೆ, ಎಲ್ಲ ತಲೆಕೆಳಗು. ಬಾನೆಟ್ ಮೇಲೆ ಗೀರುಗೀರು ನೀರಿನ ಕಲೆ. ಬೈಯಲಿಲ್ಲ. ನನಗೇ ಆಶ್ಚರ್ಯ.

ಮ್ಯಾಟ್ ಕೊಡವಲು ಹೋದವಳು ಅಲ್ಲೇ ನಿಂತೆ. ಡ್ರೈವರ್ ಸೀಟಿನ ಕೆಳಗೆ ಮರಳು. ಕೊಜಿಮಾದ ಮರಳು, ನನ್ನ ಚಪ್ಪಲಿಯದ್ದು. ನಿನ್ನೆ ಕೊಡವುವುದನ್ನೇ ಮರೆತಿದ್ದೇನೆ! ಹುಟ್ಟಿದ ಮೇಲೆ ಮೊದಲ ಸಲ. ಒಂದು ಕಾಳೂ ಬಿಡದೆ ಕಾಗದಕ್ಕೆ ಸುರಿದುಕೊಂಡು, ಕಲ್ಲಿನ ಪಕ್ಕದಲ್ಲೇ ಇಟ್ಟೆ. ಅವರು ನೋಡಿ ಮೀಸೆಯಡಿ ನಕ್ಕರು.

ಇವತ್ತು ಮಾಸಲು ಮೋಡ, ಗಾಳಿಯೂ ಇದೆ. ದಾರಿಯಿಲ್ಲ ಎಂದು ಹೇಳಲು ಎಲ್ಲ ಅನುಕೂಲ. ಹೇಳುವುದಿಲ್ಲ. ಹೋಗುತ್ತೇವೆ. ಕಲ್ಲು ಅವರು ಇಡಲಿ, ಮರಳು ನಾನು ಇಡುತ್ತೇನೆ. ಅಲ್ಲಿಗೆ ದೇವರ ಬಾಕಿ ಮುಗಿಯಿತು. ಆಮೇಲೆ ನೀರಿನ ಮೇಲೂ ಕಲ್ಲಿನ ಮೇಲೂ ಹಾಕದೆ ನನ್ನ ಬಾಯಿಂದಲೇ ಹೇಳುತ್ತೇನೆ. ಬೆಳಿಗ್ಗೆಯಿಂದ ಪಾತ್ರೆ ಉಜ್ಜುತ್ತ ಅಭ್ಯಾಸ ಮಾಡಿದ್ದೇನೆ: "ಸೆಂಡೈಗೆ ಹೋಗಬೇಡಿ. ತೋರಿಸೋಕೆ ಇನ್ನೇನೂ ಉಳಿದಿಲ್ಲ. ಆದ್ರೂ ಇರಿ."

ಚೆನ್ನಾಗಿದೆ. ಇದಕ್ಕಿಂತ ಚೆನ್ನಾಗಿ ಯಾರೂ ಹೇಳಲಾರರು.

ಐದಕ್ಕೆ ಇನ್ನೂ ಹೊತ್ತಿದೆ, ಆಗಲೇ ಹಾರ್ನ್. ನನ್ನ ಕಾರಿನಲ್ಲಿ ಕೂತು ನನಗೇ ಹಾರ್ನ್ ಹೊಡೆಯುತ್ತಿದ್ದಾನೆ! ಪೈಲಟ್ ಸೀಟಿನಲ್ಲಿ ಕೂತಿದ್ದಾನೋ ಹೇಗೆ — ಅದು ನನ್ನ ಜಾಗ. ಕಿಟಕಿಯಿಂದ ಕೂಗುತ್ತಿದ್ದಾನೆ, "ತೊಮಿಯೆ! ನೀರು ಇಳೀತಿದೆ!" ಬರೀ ತೊಮಿಯೆ. ಗೌರವದ ಸಾನ್ ಇಲ್ಲ, ಏನಿಲ್ಲ. ಹಾತ್ಸುಯೆ ಅಕ್ಕನಿಗೂ ಕೇಳಿಸಿರಬೇಕು. ಕೇಳಿಸಲಿ. ಬಂದೆ ಕಣಯ್ಯಾ, ಮರಳು ತಗೊಂಡು ಬಂದೆ!